ಗುಲಾಬಿ, ಡಾಲರ್ ಸಾಲ, ನೈವಾಶಾದ ನೀರು: ಇವೆಲ್ಲ ಒಂದೇ ಪಾಠದಲ್ಲಿ ಯಾಕಿವೆ?

ಭೂಗೋಳ ಮೇಷ್ಟ್ರು · ಭಾನುವಾರ ರಾತ್ರಿ 9:12

ನಾನು ದೊಡ್ಡಬಳ್ಳಾಪುರದ ಕಡೆ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಮಾನವ ಭೂಗೋಳ ಹೇಳಿಕೊಡುತ್ತೇನೆ. ಪಠ್ಯದ ಕೊನೆಯಲ್ಲಿ ಒಂದು ಘಟಕ ಇದೆ. ದೇಶಗಳ ಸಾಲ, ವ್ಯಾಪಾರ, ನೀರು, ಪರಿಸರ, ಎಲ್ಲ ಒಂದೇ ಪಾತ್ರೆಗೆ ಸುರಿದು ಕಲಸಿದ ಹಾಗಿದೆ. ವರ್ಷದ ಕೊನೆಗೆ ಬರುವುದರಿಂದ ಎಲ್ಲರೂ ಓಡಿಸಿಬಿಡುತ್ತಾರೆ. ಹೋದ ವರ್ಷ ನಾನೂ ಹಾಗೇ ಮಾಡಿದ್ದೆ.

ಈ ಸಲ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಸಾರ್, ಸಾಲ ಎಕನಾಮಿಕ್ಸ್‌ನವರದ್ದು, ನೀರು ನಮ್ಮದು. ಎರಡೂ ಯಾಕೆ ಒಟ್ಟಿಗಿದೆ?" ಅಂದಳು. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಕಿಟಕಿಯಿಂದ ನೋಡಿದರೆ ರಸ್ತೆಯಾಚೆ ಒಂದು ಗುಲಾಬಿ ಪಾಲಿಹೌಸ್. ಅಲ್ಲಿಂದಲೇ ಶುರು ಮಾಡಿ ಕೀನ್ಯಾದ ನೈವಾಶಾ ಸರೋವರಕ್ಕೆ ಹೋದೆ.

ನೈವಾಶಾ ಇರುವುದು ರಿಫ್ಟ್ ಕಣಿವೆಯಲ್ಲಿ, ನೈರೋಬಿಯಿಂದ ಸುಮಾರು 90 ಕಿ.ಮೀ. ದೂರ. ಅದರಿಂದ ಹೊರಗೆ ಹರಿಯುವ ಹೊಳೆ ಇಲ್ಲ. ಆದರೂ ಸಿಹಿನೀರು, ಯಾಕೆಂದರೆ ನೆಲದಡಿಯಲ್ಲೇ ಸೋರಿ ಹೋಗುತ್ತದೆ. ಪಕ್ಕದ ನಕುರು ಸರೋವರದ ನೀರು ಬಾಯಿಗೆ ಹಾಕೋಕಾಗಲ್ಲ. ಈ ಸಿಹಿನೀರಿನ ಸುತ್ತ 1970-80ರ ದಶಕದಿಂದ ಹೂವಿನ ತೋಟಗಳು ಎದ್ದವು. ಯುರೋಪಿನ ಅಂಗಡಿಗಳಲ್ಲಿ ಸಿಗುವ ಗುಲಾಬಿಯಲ್ಲಿ ದೊಡ್ಡ ಪಾಲು ಕೀನ್ಯಾದ್ದು.

ಹುಡುಗರಿಗೆ ಹೇಳಿದ್ದು ಇಷ್ಟು. ಕೀನ್ಯಾ ಹೊರಗಿನವರ ಹತ್ತಿರ ಸಾಲ ಮಾಡುವುದು ಹೆಚ್ಚಾಗಿ ಡಾಲರಿನಲ್ಲಿ. ತೀರಿಸುವುದೂ ಡಾಲರಿನಲ್ಲೇ. ಶಿಲ್ಲಿಂಗ್ ಅಚ್ಚು ಹಾಕಬಹುದು, ಡಾಲರ್ ಅಚ್ಚು ಹಾಕೋಕಾಗಲ್ಲ. ಹಾಗಾಗಿ ಹೊರದೇಶದಲ್ಲಿ ಏನು ಮಾರಾಟವಾಗುತ್ತದೋ ಅದನ್ನು ಬೆಳೆಯಬೇಕು. ಒಂದು ಗುಲಾಬಿಗೆ 7ರಿಂದ 13 ಲೀಟರ್ ನೀರು ಹಿಡಿಯುತ್ತದೆ ಎಂದು ನೈವಾಶಾ ಕುರಿತ ಒಂದು ಅಧ್ಯಯನದ ಲೆಕ್ಕ. ಹೂವಿನ ಜೊತೆ ಆ ನೀರೂ ವಿಮಾನ ಹತ್ತಿತು ಅಂದುಕೊಳ್ಳಿ. ಹೂವಿಗೆ ಬೆಲೆ ಇದೆ, ವಿಮಾನಕ್ಕೆ ಬಾಡಿಗೆ ಇದೆ, ಸಾಲಕ್ಕೆ ಬಡ್ಡಿ ಇದೆ. ನೀರಿಗೆ ಮಾತ್ರ ಬಿಲ್ಲೇ ಇಲ್ಲ ಅನ್ನುವಷ್ಟು ಕಡಿಮೆ. ಕೊನೆಗೆ ಸರೋವರ ಬತ್ತುತ್ತಿದೆ ಎಂದು ಹೇಳಿ ಪಾಠ ಮುಗಿಸಿದೆ.

ಸರಿ ಹೇಳಿದ್ದೇನಾ? ಗೊತ್ತಿರುವವರು ತಿದ್ದಿ.

ನೈರೋಬಿ ಕನ್ನಡಿಗ · ಭಾನುವಾರ ರಾತ್ರಿ 10:47

ಮೇಷ್ಟ್ರೇ, ಕೊನೆಯ ಸಾಲು ಬಿಟ್ಟು ಉಳಿದದ್ದು ಸರಿ. ಸರೋವರ ಬತ್ತುತ್ತಿಲ್ಲ. ಊರೊಳಗೆ ಬಂದಿದೆ.

2009ರ ಬರಗಾಲದಲ್ಲಿ ನೀವು ಹೇಳಿದ ಹಾಗೇ ಇತ್ತು. ನೀರು ಎಷ್ಟೋ ಹಿಂದಕ್ಕೆ ಸರಿದಿತ್ತು. 2010ರ ಫೆಬ್ರವರಿಯಲ್ಲಿ ರಾಶಿ ರಾಶಿ ಮೀನು ಸತ್ತವು. ಆಗ ಬಂದ ಫೋಟೋಗಳೇ ಇವತ್ತಿಗೂ ಎಲ್ಲ ಕಡೆ ಓಡಾಡುತ್ತಿವೆ. ಆಮೇಲೆ ಮಳೆ ತಿರುಗಿತು. ರಿಫ್ಟ್ ಕಣಿವೆಯ ಸರೋವರಗಳೆಲ್ಲ ಏರುತ್ತಾ ಬಂದವು. 2020ರಲ್ಲಿ ನೈವಾಶಾದ ದಂಡೆಯ ಮನೆಗಳಿಗೆ ನೀರು ನುಗ್ಗಿತು. ಮೇಲಿನ ಬೆಟ್ಟಗಳ ಕಾಡು ಕಡಿದು ಹೊಲ ಮಾಡಿದ್ದರಿಂದ ಹೂಳು ಬಂದು ತಳ ಮೇಲೆ ಬಂದಿದೆ ಅನ್ನುವ ಮಾತೂ ಇಲ್ಲಿದೆ. ಗೊಬ್ಬರ, ಔಷಧಿ, ಚರಂಡಿ ನೀರು, ಎಲ್ಲ ಸೇರುವುದೂ ಅಲ್ಲಿಗೇ. ನೀರು ಜಾಸ್ತಿ ಇದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ.

ನಾನು ಇಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿ 11 ವರ್ಷದಿಂದ ಇದ್ದೇನೆ. ಎರಡು ತಿಂಗಳಿಗೊಮ್ಮೆ ನೈವಾಶಾಕ್ಕೆ ಹೋಗುತ್ತೇನೆ. ದಕ್ಷಿಣ ದಂಡೆಯ ರಸ್ತೆಯಲ್ಲಿ ಕಾರು ಓಡಿಸಿದರೆ ತುಂಬಾ ಹೊತ್ತು ಸರೋವರವೇ ಕಾಣುವುದಿಲ್ಲ, ಬರೀ ಪ್ಲಾಸ್ಟಿಕ್ ಮನೆಗಳು. ಸಂಜೆ ಕೆಲಸ ಬಿಡುವ ಹೊತ್ತಿಗೆ ರಸ್ತೆ ತುಂಬಾ ಹೆಂಗಸರು, ಸೈಕಲ್ಲು, ಬಾಡಿಗೆ ಬೈಕು. ಒಮ್ಮೆ ಒಬ್ಬ ಹೆಂಗಸು ಲಿಫ್ಟ್ ಕೇಳಿ ಹತ್ತಿದರು. ಕೈ ನೋಡಿದೆ, ಬೆರಳ ತುದಿಯೆಲ್ಲ ಹಸಿರು-ಕಪ್ಪು ಕಲೆ, ಅಡಿಕೆ ಸುಲಿದವರ ಕೈ ಥರ. ಊರು ಕಿಸುಮು ಕಡೆ, ಮಕ್ಕಳು ಅಲ್ಲೇ ಅಜ್ಜಿ ಮನೆಯಲ್ಲಿ. ಇಲ್ಲಿ ಒಂದು ಕೋಣೆ. ನೀರನ್ನು ಡಬ್ಬದ ಲೆಕ್ಕದಲ್ಲಿ ಕೊಳ್ಳುತ್ತಾರಂತೆ. ಸರೋವರದ ಪಕ್ಕದಲ್ಲೇ!

ನಮ್ಮೂರಿನ ನಂಟೂ ಒಂದಿದೆ. 2007ರಲ್ಲಿ ಇಲ್ಲಿನ ಅತಿ ದೊಡ್ಡ ತೋಟಗಳಲ್ಲಿ ಒಂದನ್ನು ಡಚ್ಚರಿಂದ ಕೊಂಡದ್ದು ಬೆಂಗಳೂರಿನ ಕರುತುರಿ ಗ್ಲೋಬಲ್. 2014ರಲ್ಲಿ ಬ್ಯಾಂಕು ಸಾಲಕ್ಕಾಗಿ ರಿಸೀವರ್ ಕೂರಿಸಿತು, ಅಂದರೆ ಸಾಲ ವಸೂಲಿಗೆ ತೋಟವನ್ನು ತನ್ನ ಕಡೆಯವರ ಕೈಗೆ ಕೊಟ್ಟಿತು. ಅದೇ ಕಂಪನಿ ಇಥಿಯೋಪಿಯಾದ ಗ್ಯಾಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿ ಗುತ್ತಿಗೆಗೆ ಹಿಡಿದಿತ್ತು. ಅದೂ ಕೈಗೂಡಲಿಲ್ಲ.

ಹೆಸರು ಬೇಡ ಬಿಡಿ · ಭಾನುವಾರ ರಾತ್ರಿ 11:20

ಇದೆಲ್ಲ ಸುಮ್ನೆ ಸುತ್ತುಬಳಸು. ಆಫ್ರಿಕಾದ ಸಾಲ ಅಂದರೆ ಚೀನಾ. ರೈಲು ಹಾಕಿಕೊಟ್ಟು ಕುತ್ತಿಗೆ ಹಿಡಿದಿದ್ದಾರೆ. ಹೂವು ಗೀವು ಯಾಕೆ ಮಧ್ಯೆ ತರುತ್ತೀರಿ?

ನೈರೋಬಿ ಕನ್ನಡಿಗ · ಸೋಮವಾರ ಬೆಳಿಗ್ಗೆ 7:05

ರೈಲು ನಿಜ ಸಾರ್. ಮೊಂಬಾಸಾ-ನೈರೋಬಿ ರೈಲು 2017ರಲ್ಲಿ ಶುರುವಾಯಿತು. ದುಡ್ಡಿನ ದೊಡ್ಡ ಪಾಲು ಚೀನಾದ ಎಕ್ಸಿಮ್ ಬ್ಯಾಂಕಿನದು. 2019ರಲ್ಲಿ ಹಳಿ ನೈವಾಶಾ ಕಡೆಗೂ ಬಂತು, ಮುಂದಕ್ಕೆ ಸಾಲ ಸಿಗದೆ ಅಲ್ಲೇ ವರ್ಷಗಟ್ಟಲೆ ನಿಂತಿತು. ಆದರೆ ಕೀನ್ಯಾದ ಹೊರಸಾಲದಲ್ಲಿ ದೊಡ್ಡ ಪಾಲು ಚೀನಾದ್ದಲ್ಲ, ವಿಶ್ವಬ್ಯಾಂಕಿನಂಥ ಸಂಸ್ಥೆಗಳದ್ದು.

ಜನರ ಹೊಟ್ಟೆಗೆ ಹೊಡೆದದ್ದು ಇನ್ನೊಂದು, ಯೂರೋಬಾಂಡ್. ಹೊರದೇಶದ ಹೂಡಿಕೆದಾರರಿಗೆ ಸಾಲಪತ್ರ ಮಾರಿ ದುಡ್ಡು ಎತ್ತುವುದು. ಹೆಸರಲ್ಲಿ ಯೂರೋ ಇದ್ದರೂ ಸಾಲ ಡಾಲರಿನದು. 2014ರಲ್ಲಿ 10 ವರ್ಷದ ಬಾಂಡ್ ಮಾರಿ 200 ಕೋಟಿ ಡಾಲರ್ ಎತ್ತಿದರು. ಬಡ್ಡಿ 6.875%. 2024ರ ಜೂನ್‌ಗೆ ಅಸಲು ಕೊಡಬೇಕು. ಕೊಡುತ್ತಾರೋ ಇಲ್ಲವೋ ಅಂತ ಹೆದರಿಕೆಯಾಗಿ, ಆ ಜನವರಿಯಲ್ಲಿ ಡಾಲರ್ ಬೆಲೆ 160 ಶಿಲ್ಲಿಂಗ್ ದಾಟಿತು. ಫೆಬ್ರವರಿಯಲ್ಲಿ 150 ಕೋಟಿ ಡಾಲರಿನ ಹೊಸ ಬಾಂಡ್ ಮಾರಿ ಹಳೆಯದರ ಬಹುಪಾಲು ತೀರಿಸಿದರು. ಹೊಸದರ ಬಡ್ಡಿ 9.75%. ನಮ್ಮೂರಲ್ಲಿ ಸಂಘದ ಸಾಲ ತೀರಿಸಲು ಫೈನಾನ್ಸ್‌ನಲ್ಲಿ ಸಾಲ ಎತ್ತುತ್ತಾರಲ್ಲ, ಹಾಗೇ.

ಆ ಬಡ್ಡಿಗೆ ದುಡ್ಡು ಬೇಕು, ಅದಕ್ಕೆ ತೆರಿಗೆ. ಬ್ರೆಡ್ ಮೇಲೆ 16% ವ್ಯಾಟ್ ಹಾಕಲು ಹೊರಟರು. ಜನ ಬೈದ ಮೇಲೆ ಅದನ್ನು ಕೈಬಿಟ್ಟರು, ಉಳಿದ ತೆರಿಗೆಗಳನ್ನು ಬಿಡಲಿಲ್ಲ. ಜೂನ್ 25ಕ್ಕೆ ಹುಡುಗರು ಪಾರ್ಲಿಮೆಂಟಿನೊಳಗೆ ನುಗ್ಗಿದರು. ಗೋಲಿಬಾರ್ ಆಯಿತು, ಜನ ಸತ್ತರು. ಮರುದಿನ ಅಧ್ಯಕ್ಷ ರುಟೊ ಆ ತೆರಿಗೆ ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಆ ವಾರ ನಾವು ಮನೆಯಿಂದ ಹೊರಗೆ ಬಂದಿಲ್ಲ. ಸ್ವಾಹಿಲಿಯಲ್ಲಿ ಸಾಲಕ್ಕೆ "ದೇನಿ" ಅಂತಾರೆ. ತರಕಾರಿ ಮಾರುವವರ ಬಾಯಲ್ಲೂ ಆಗ ಅದೇ ಮಾತು.

ಬ್ಯಾಂಕು ಬಿಟ್ಟವ · ಸೋಮವಾರ ಮಧ್ಯಾಹ್ನ 1:30

ನಿವೃತ್ತ ಬ್ಯಾಂಕ್ ನೌಕರ ನಾನು, ವಿದೇಶಿ ವಿನಿಮಯ ವಿಭಾಗದಲ್ಲಿದ್ದೆ. ಒಂದೆರಡು ತಕರಾರು ಇದೆ ಮೇಷ್ಟ್ರೇ.

ಮೊದಲನೆಯದು, ಕೀನ್ಯಾಕ್ಕೆ ಡಾಲರ್ ತರುವುದು ಹೂವು ಒಂದೇ ಅಲ್ಲ. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಅದಕ್ಕಿಂತ ಎಷ್ಟೋ ಜಾಸ್ತಿ. ಚಹಾ ಇದೆ, ಸಫಾರಿಗೆ ಬರುವವರಿದ್ದಾರೆ. ಹೂವೇ ಸಾಲ ಹೊತ್ತಿದೆ ಅನ್ನುವ ಹಾಗೆ ಮಕ್ಕಳಿಗೆ ಹೇಳಬೇಡಿ.

ಎರಡನೆಯದು, ಸರೋವರದ ನೀರಲ್ಲಿ ಹೂವು ಬೇಡ, ಜೋಳ ಬೆಳೆಯಲಿ ಅನ್ನಿ. ಲೀಟರ್ ನೀರಿಗೆ ಸಿಗುವ ಡಾಲರ್ ಎಷ್ಟು? ಗುಲಾಬಿಯ ಹತ್ತಿರಕ್ಕೂ ಬರುವುದಿಲ್ಲ. ಆ ಡಾಲರಿನಲ್ಲೇ ಕೀನ್ಯಾ ಗೋಧಿ, ಪೆಟ್ರೋಲ್ ತರಿಸುತ್ತದೆ. ನೀರು ಕಡಿಮೆ ಇರುವವರು ಅದಕ್ಕೆ ಜಾಸ್ತಿ ಬೆಲೆ ತರುವುದನ್ನು ಬೆಳೆದು, ನೀರು ಜಾಸ್ತಿ ಬೇಡುವುದನ್ನು ಹೊರಗಿನಿಂದ ಕೊಳ್ಳುವುದೇ ಜಾಣತನ. ವರ್ಚುವಲ್ ವಾಟರ್, ಅಂದರೆ ಬೆಳೆಯೊಳಗೆ ಅಡಗಿರುವ ನೀರು, ಅನ್ನುವ ಮಾತು ತಂದ ಲಂಡನ್ನಿನ ಟೋನಿ ಅಲೆನ್ ಮೊದಲು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನೀರಿಲ್ಲದ ಅರಬ್ ದೇಶಗಳು ನೀರಿಗಾಗಿ ಯಾಕೆ ಯುದ್ಧ ಮಾಡುತ್ತಿಲ್ಲ ಅಂದರೆ, ಗೋಧಿಯ ರೂಪದಲ್ಲಿ ನೀರು ತರಿಸಿಕೊಳ್ಳುತ್ತಿವೆ ಅಂತ.

ಇನ್ನು ಸಾಲದ ಮಾತು. ನಮ್ಮನ್ನೇ ನೋಡಿ. 1991ರಲ್ಲಿ ನಮ್ಮ ಹತ್ತಿರ ಮೂರು ವಾರದ ಆಮದಿಗಾಗುವಷ್ಟೂ ಡಾಲರ್ ಸರಿಯಾಗಿ ಇರಲಿಲ್ಲ. 47 ಟನ್ ಚಿನ್ನ ವಿಮಾನದಲ್ಲಿ ಲಂಡನ್ನಿಗೆ ಹೋಗಿ ಅಡವು ಬಿತ್ತು. ಆ ದಿನಗಳಲ್ಲಿ ಆಫೀಸಿನಲ್ಲಿ ಜೋರಾಗಿ ಮಾತಾಡುವವರೇ ಇರಲಿಲ್ಲ, ಸಾವಿನ ಮನೆ ಇದ್ದಂತಿತ್ತು. ಆಮೇಲೆ ರಫ್ತು ರಫ್ತು ಅಂತ ಜಪ ಶುರುವಾಯಿತು. ಹೂವಿಗೂ ರಿಯಾಯಿತಿ ಬಂತು. ಬೆಂಗಳೂರು, ಪುಣೆ ಸುತ್ತ ರಫ್ತಿಗಾಗಿಯೇ ಹಸಿರುಮನೆಗಳು ಎದ್ದದ್ದು ಆಮೇಲೆಯೇ. ಮೇಷ್ಟ್ರ ಕಿಟಕಿಯಾಚೆಯ ಪಾಲಿಹೌಸ್‌ನ ಬೇರೂ ಆ ಅಡವಿನ ಚಿನ್ನದ ತನಕ ಹೋಗುತ್ತದೆ.

ಭೂಗೋಳ ಮೇಷ್ಟ್ರು · ಸೋಮವಾರ ಸಂಜೆ 6:15

ಚಿನ್ನದ ಮಾತು ನನಗೆ ಹೊಳೆದೇ ಇರಲಿಲ್ಲ. ನಾಳೆ ತರಗತಿಯಲ್ಲಿ ಇದನ್ನೇ ಮೊದಲು ಹೇಳುತ್ತೇನೆ. ಹೂವೊಂದೇ ಅಲ್ಲ ಅನ್ನುವುದನ್ನೂ ಒಪ್ಪಿದೆ. ಬತ್ತುತ್ತಿದೆ ಅಂದದ್ದನ್ನು ವಾಪಸ್ ತೆಗೆದುಕೊಂಡೆ.

ಆದರೆ ಲೀಟರ್‌ಗೆ ಎಷ್ಟು ಡಾಲರ್ ಅನ್ನುವ ಲೆಕ್ಕದಲ್ಲಿ ಒಂದು ಬಿಟ್ಟುಹೋಗುತ್ತದಲ್ವಾ? ಡಾಲರ್ ಬರುವುದು ನೈರೋಬಿಗೆ. ನೀರು ಹೋಗುವುದು ನೈವಾಶಾದಿಂದ. ಲಿಫ್ಟ್ ಕೇಳಿದ ಆ ಹೆಂಗಸು ಡಬ್ಬದಲ್ಲಿ ನೀರು ಕೊಳ್ಳುತ್ತಾರೆ. ಎಲ್ಲಿಂದ ಹೋಯಿತು, ಎಲ್ಲಿಗೆ ಬಂತು ಅಂತ ಕೇಳುವುದೇ ಭೂಗೋಳ. ದೇಶದ ಒಟ್ಟು ಲೆಕ್ಕ ಸರಿ ಇದ್ದೂ ಒಂದು ಊರಿನ ಲೆಕ್ಕ ತಪ್ಪಿರಬಹುದು.

ಕಾಫಿ ತೋಟದವಳು · ಸೋಮವಾರ ರಾತ್ರಿ 8:50

ಸಕಲೇಶಪುರದ ಕಡೆಯಿಂದ. ಈ ಲೀಟರ್ ಲೆಕ್ಕ ಕೇಳಿದರೆ ನನಗೆ ಸ್ವಲ್ಪ ಸಿಟ್ಟು. ಒಂದು ಕಪ್ ಕಾಫಿಗೆ 130-140 ಲೀಟರ್ ನೀರು ಅಂತ ಯಾರೋ ಹೇಳಿದರೆ, ನಾವು ನೀರು ಕುಡಿದು ತೇಗುತ್ತಿದ್ದೇವೆ ಅನ್ನುವ ಹಾಗೆ ನೋಡುತ್ತಾರೆ. ಅದರಲ್ಲಿ ಹೆಚ್ಚಿನದು ಮಳೆ ನೀರು ಸ್ವಾಮಿ. ಗಿಡ ಇರಲಿ ಇಲ್ಲದಿರಲಿ ಮಲೆನಾಡಲ್ಲಿ ಬೀಳುವ ಮಳೆ. ಕಾಫಿ ತೆಗೆದು ಕಾಡು ಬಿಟ್ಟರೂ ಆ ಮರಗಳು ಕುಡಿಯುತ್ತವೆ. ಹೊಳೆಯಿಂದ, ಬೋರ್‌ವೆಲ್‌ನಿಂದ ಎತ್ತುವ ನೀರಿನ ಲೆಕ್ಕವೇ ಬೇರೆ. ಎರಡನ್ನೂ ಕೂಡಿಸಿ ಒಂದು ದೊಡ್ಡ ಸಂಖ್ಯೆ ಹೇಳಬಾರದು.

ಪೂರ್ತಿ ಸಾಚಾ ಅಂತಲೂ ಹೇಳಿಕೊಳ್ಳಲ್ಲ. ಹೂಮಳೆ ಸಮಯಕ್ಕೆ ಬಾರದಿದ್ದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ, ಹಳ್ಳದಲ್ಲಿ ನೀರು ಕಡಿಮೆ ಇರುವ ಹೊತ್ತಿನಲ್ಲೇ. ರಾತ್ರಿಯೆಲ್ಲ ಇಡೀ ಹಳ್ಳದುದ್ದಕ್ಕೂ ಡೀಸೆಲ್ ಮೋಟರ್ ಸದ್ದು. ಮೇಲಿನ ತೋಟದವರು ಎತ್ತಿದರೆ ನಮಗಿಲ್ಲ, ನಾವು ಎತ್ತಿದರೆ ಕೆಳಗಿನವರಿಗಿಲ್ಲ. ಆ ನೀರಿನ ಮೇಲೆ ಎಷ್ಟು ಜಗಳ ಆಗುತ್ತದೆ ಅಂತ ನಮಗೇ ಗೊತ್ತು.

ಸಾಲದ ವಿಷಯಕ್ಕೆ ಬರುತ್ತೇನೆ. ಕಾಫಿಗೆ ಮುಂಚೆ ಅಂತಾರಾಷ್ಟ್ರೀಯ ಒಪ್ಪಂದ ಇತ್ತು. ಯಾವ ದೇಶ ಎಷ್ಟು ಮಾರಬೇಕು ಅಂತ ಕೋಟಾ. 1989ರ ಜುಲೈನಲ್ಲಿ ಅದು ಮುರಿದುಬಿತ್ತು, ಬೆಲೆ ಧಡಾರನೆ ಇಳಿಯಿತು. ಆಮೇಲೆ ವಿಯೆಟ್ನಾಂ ಬಂತು, 2001ರ ಹೊತ್ತಿಗೆ ಇನ್ನೂ ಕೆಳಗೆ. ನಮ್ಮ ಮಾವ ಆಗ ಹಣ್ಣು ಕುಯ್ಯಿಸುವ ಕೂಲಿಯೂ ಹುಟ್ಟಲ್ಲ ಅಂತ ಒಂದು ಪಟ್ಟೆ ಹಾಗೇ ಬಿಟ್ಟಿದ್ದರು. ಸಾಲ ಇರುವ ದೇಶಕ್ಕೆಲ್ಲ "ರಫ್ತು ಮಾಡಿ" ಅನ್ನುವುದು ಒಂದೇ ಬುದ್ಧಿವಾದ. ಎಲ್ಲರೂ ಒಟ್ಟಿಗೆ ಕಾಫಿ, ಎಲ್ಲರೂ ಒಟ್ಟಿಗೆ ಹೂವು ಬೆಳೆದರೆ ಬೆಲೆ ಬೀಳದೆ ಏನಾಗುತ್ತೆ? ಅದೇ ಡಾಲರಿಗೆ ಮುಂದಿನ ವರ್ಷ ಜಾಸ್ತಿ ಮೂಟೆ ಕೊಡಬೇಕು, ಜಾಸ್ತಿ ನೀರು ಎತ್ತಬೇಕು. ಬ್ಯಾಂಕಿನವರು ಇದಕ್ಕೆ ಏನು ಹೇಳುತ್ತಾರೆ?

ಬ್ಯಾಂಕು ಬಿಟ್ಟವ · ಸೋಮವಾರ ರಾತ್ರಿ 9:40

ಮೇಡಂ, ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಒಬ್ಬ ಸಾಲಗಾರನಿಗೆ ಕೊಡುವ ಬುದ್ಧಿವಾದ ನೂರು ಸಾಲಗಾರರಿಗೆ ಒಟ್ಟಿಗೆ ಕೊಟ್ಟರೆ ಕೆಟ್ಟದಾಗುತ್ತದೆ.

ವ್ಯಾಪಾರದಲ್ಲಿ ಇನ್ನೊಂದು ಹಿಡಿತವೂ ಇದೆ. ಕೀನ್ಯಾದ ಹೂವು ಯುರೋಪಿಗೆ ಸುಂಕ ಇಲ್ಲದೆ ಹೋಗುತ್ತದೆ. 2014ರಲ್ಲಿ ವ್ಯಾಪಾರ ಒಪ್ಪಂದದ ಮಾತುಕತೆ ತಡವಾಯಿತು ಅಂತ ಅಕ್ಟೋಬರ್‌ನಿಂದ ಮೂರು ತಿಂಗಳು ಸುಂಕ ಹಾಕಿದರು. ಅಷ್ಟಕ್ಕೇ ಅಲ್ಲಿನ ತೋಟದವರು ಬೊಬ್ಬೆ ಹೊಡೆದರು. ಮಾತುಕತೆ ಬೇಗ ಮುಗಿಯಿತು.

ಬಿಎ ಎರಡನೇ ವರ್ಷ · ಮಂಗಳವಾರ ಬೆಳಿಗ್ಗೆ 8:20

ಸಾರ್, ಆ ಪ್ರಶ್ನೆ ಕೇಳಿದವಳು ನಾನೇ 🙈 ಇದರಲ್ಲಿ 10 ಅಂಕಕ್ಕೆ ಎಷ್ಟು ಬರೀಬೇಕು?

ಭೂಗೋಳ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:31

ಮೊದಲು ತರಗತಿಗೆ ಬಾಮ್ಮ.

ಡ್ರಿಪ್ ಪೈಪು · ಮಂಗಳವಾರ ರಾತ್ರಿ 10:05

ಎರಡು ದಿನದಿಂದ ಓದುತ್ತಿದ್ದೇನೆ. ನಂದು ಚಿಕ್ಕಬಳ್ಳಾಪುರದ ಕಡೆ ಒಂದು ಎಕರೆ ಪಾಲಿಹೌಸ್, ಕೆಂಪು ಗುಲಾಬಿ. ಎಲ್ಲರೂ ದೇಶದ ಸಾಲ ಮಾತಾಡುತ್ತಿದ್ದೀರಿ, ನನ್ನ ಸಾಲ ಯಾರೂ ಕೇಳಲಿಲ್ಲ 😀

ಪಾಲಿಹೌಸ್ ಕಟ್ಟಿದ್ದು ಬ್ಯಾಂಕ್ ಸಾಲದಲ್ಲಿ. ಸಬ್ಸಿಡಿ ಬರುತ್ತೆ ಅಂದಿದ್ದರು, ಬಂತು, ಎರಡು ವರ್ಷ ತಡವಾಗಿ. ಅಷ್ಟರಲ್ಲಿ ಬಡ್ಡಿ ತನ್ನ ಕೆಲಸ ಮಾಡಿತ್ತು. ಕಂತು ತಿಂಗಳು ತಿಂಗಳು ಬರುತ್ತದೆ. ಹೂವಿನ ಬೆಲೆ ಹಾಗಲ್ಲ. ಫೆಬ್ರವರಿ ಮೊದಲ ವಾರ ಪ್ರೇಮಿಗಳ ದಿನಕ್ಕೆ ಒಳ್ಳೆ ಉದ್ದ ಕಡ್ಡಿಯ ಹೂವಿಗೆ ಒಂದಕ್ಕೆ 14 ರೂಪಾಯಿ ತನಕ ನೋಡಿದ್ದೇನೆ. ಆಷಾಢದಲ್ಲಿ 20 ಹೂವಿನ ಬಂಚ್ 30 ರೂಪಾಯಿಗೆ ಕೇಳುವವರಿಲ್ಲ. ಗಿಡಕ್ಕೆ ಆಷಾಢ ಗೊತ್ತಿಲ್ಲ, ಅದು ಅರಳುತ್ತಲೇ ಇರುತ್ತದೆ. ನೀರು ನಿಲ್ಲಿಸಿದರೆ ಗಿಡ ಹೋಗುತ್ತದೆ. ಹಾಗಾಗಿ ಬೆಲೆ ಇಲ್ಲದಾಗಲೂ ಅಷ್ಟೇ ನೀರು. ಕಂತಿಗೆ ಹೆದರಿ ಪಕ್ಕದವರು ಇನ್ನೊಂದು ಬೋರ್ ಕೊರೆಸಿದರು, 1,400 ಅಡಿ. ನನ್ನ ಬೋರ್‌ನಲ್ಲಿ ಒಂದು ಇಂಚು ಕಡಿಮೆಯಾಯಿತು. ಇದು ಪಾಠಕ್ಕೆ ಬರುತ್ತಾ ಮೇಷ್ಟ್ರೇ?

ಆ 7ರಿಂದ 13 ಲೀಟರ್ ಅಂದಿರಲ್ಲ, ನನ್ನದು ಎಷ್ಟು ಅಂತ ಕುತೂಹಲ ಬಂದಿದೆ. ಟ್ಯಾಂಕಿನಿಂದ ಡ್ರಿಪ್‌ಗೆ ಹೋಗುವ ಲೈನಿಗೆ ಒಂದು ಮೀಟರ್ ಹಾಕಿದ್ದೇನೆ. ಒಂದು ವಾರ ನೋಡಿ ಹೇಳುತ್ತೇನೆ.

ಭೂಗೋಳ ಮೇಷ್ಟ್ರು · ಮಂಗಳವಾರ ರಾತ್ರಿ 10:22

ಪಾಠಕ್ಕೆ ಬರುತ್ತಾ ಅಂತ ಕೇಳುತ್ತೀರಲ್ಲ ಗೌಡ್ರೇ, ಪಾಠವೇ ಅದು. ಕಾಯುತ್ತಿರುತ್ತೇನೆ.

ಡ್ರಿಪ್ ಪೈಪು · ಮುಂದಿನ ಬುಧವಾರ ರಾತ್ರಿ 9:30

ಲೆಕ್ಕ ಬಂತು. ಏಳು ದಿನಕ್ಕೆ ಡ್ರಿಪ್‌ಗೆ ಹೋದದ್ದು 1,29,000 ಲೀಟರ್. ಕುಯ್ದ ಹೂವು 13,400. ಭಾಗಿಸಿದರೆ ಒಂದಕ್ಕೆ 9.6 ಲೀಟರ್. ನಿಮ್ಮ ಅಧ್ಯಯನದವರು ನನ್ನ ತೋಟಕ್ಕೇ ಬಂದು ಹೋದ ಹಾಗಿದೆ.

ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ. ಗ್ರೇಡಿಂಗ್ ಮಾಡುವವಳು ಅವಳೇ. "ಬಿಸಾಕಿದ್ದನ್ನ ಯಾಕೆ ಎಣಿಸ್ತೀರಿ?" ಅಂದಳು. ಕತ್ತು ಬಗ್ಗಿದ್ದು, ತ್ರಿಪ್ಸ್ ಹುಳ ತಿಂದು ಎಸಳ ಅಂಚು ಕಂದಿದ್ದು, ಎಲ್ಲ ಸೇರಿ ಸುಮಾರು 900 ಹೋಗಿದ್ದವು. ಮಾರಿದ್ದು 12,500. ಒಂದಕ್ಕೆ 10.3 ಲೀಟರ್ ಆಯಿತು.

ಆಮೇಲೆ ಇನ್ನೊಂದು ನೆನಪಾಯಿತು. ನಮ್ಮ ಬೋರ್ ನೀರು ಉಪ್ಪು, ಗಿಡಕ್ಕೆ ನೇರ ಬಿಡೋಕಾಗಲ್ಲ. ಆರ್‌ಒ ಹಾಕಿದ್ದೇವೆ. 100 ಲೀಟರ್ ಎತ್ತಿದರೆ 65 ಒಳ್ಳೆ ನೀರು, ಉಳಿದ 35 ಇನ್ನೂ ಉಪ್ಪಾಗಿ ಹೊರಗೆ ಹೋಗುತ್ತದೆ. ಬದುವಿನ ಪಕ್ಕ ಅದು ಹರಿಯುವ ಜಾಗದಲ್ಲಿ ಈಗ ಹುಲ್ಲೂ ಹುಟ್ಟಲ್ಲ, ಬೆಳ್ಳಗೆ ಪೊರೆ ಕಟ್ಟಿದೆ. ಈಗ ಬೇಸಿಗೆ, ಮಳೆ ನೀರಿನ ಹೊಂಡ ಖಾಲಿ, ಎಲ್ಲ ಬೋರ್ ನೀರೇ. ಅದನ್ನೂ ಸೇರಿಸಿದರೆ ಮಾರಿದ ಒಂದು ಹೂವಿಗೆ ನೆಲದಿಂದ ಎತ್ತಿದ್ದು 16 ಲೀಟರ್ ಹತ್ತಿರ.

ಮಳೆಗಾಲದಲ್ಲಿ ಹೀಗಿಲ್ಲ. ಪಾಲಿಹೌಸ್ ಸೂರು 4,000 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ 750 ಮಿ.ಮೀ. ಮಳೆ ಹಿಡಿದರೆ 30 ಲಕ್ಷ ಲೀಟರ್ ಬರೀ ಸೂರಿನಿಂದ ಬೀಳುತ್ತದೆ. ವರ್ಷದ ಖರ್ಚಿನ ಅರ್ಧಕ್ಕೆ ಹತ್ತಿರ. ಮಳೆ ನೀರಿಗೆ ಆರ್‌ಒ ಕೂಡ ಬೇಡ. ಆದರೆ ನನ್ನ ಹೊಂಡ ಹಿಡಿಯುವುದು 12 ಲಕ್ಷ. ಹಿಂಗಾರಿನಲ್ಲಿ ತುಂಬಿ ಪಕ್ಕದ ರಾಗಿ ಹೊಲಕ್ಕೆ ಹರಿದು, ಆ ಹೊಲದವರ ಹತ್ತಿರ ಬೈಸಿಕೊಳ್ಳುತ್ತೇನೆ. ದೊಡ್ಡ ಹೊಂಡಕ್ಕೆ ಶೀಟ್ ಹಾಕಿಸಬೇಕು ಅಂದರೆ ಮತ್ತೆ ಸಾಲ.

ಕಾಫಿ ತೋಟದವಳು · ಬುಧವಾರ ರಾತ್ರಿ 9:52

ನೋಡಿ, ಒಂದೇ ತೋಟ, ಒಂದೇ ಹೂವು, ಒಂದೇ ವಾರದಲ್ಲಿ 9.6, 10.3, 16. ಇನ್ನು ಮುಂದೆ ಯಾರಾದರೂ ಕಪ್ ಕಾಫಿಗೆ ಇಷ್ಟು ಲೀಟರ್ ಅಂದರೆ ಈ ಪೋಸ್ಟ್ ತೋರಿಸುತ್ತೇನೆ.

ಬ್ಯಾಂಕು ಬಿಟ್ಟವ · ಬುಧವಾರ ರಾತ್ರಿ 10:10

ದೊಡ್ಡ ಹೊಂಡಕ್ಕೆ ಎಷ್ಟು ಬೇಕು ಅಂತ ಒಂದು ಅಂದಾಜು ಪಟ್ಟಿ ಮಾಡಿ ಕಳಿಸಿ. ಬೋರ್ ಕರೆಂಟು, ಆರ್‌ಒ ಮೆಂಬ್ರೇನ್ ಖರ್ಚು ಎಷ್ಟು ಉಳಿಯುತ್ತೆ ಅಂತಲೂ ಬರೆಯಿರಿ. ಕಂತಿಗೆ ಹೊಂದುತ್ತದಾ ನೋಡಿ ಹೇಳುತ್ತೇನೆ. ಹಳೇ ಚಾಳಿ.

ಭೂಗೋಳ ಮೇಷ್ಟ್ರು · ಬುಧವಾರ ರಾತ್ರಿ 10:18

ಗೌಡ್ರೇ, ನಮ್ಮ ತರಗತಿಯಲ್ಲಿ 42 ಜನ ಇದ್ದಾರೆ. ಒಮ್ಮೆ ಕರೆದುಕೊಂಡು ಬರಬಹುದಾ? ಆ ಬೆಳ್ಳಗಿನ ಜಾಗ, ಮೀಟರ್, ಗ್ರೇಡಿಂಗ್ ಮೇಜು, ಇಷ್ಟು ತೋರಿಸಿದರೆ ಸಾಕು. ನಾಳೆ ಗುರುವಾರ ಆಗುತ್ತಾ?

ಡ್ರಿಪ್ ಪೈಪು · ಬುಧವಾರ ರಾತ್ರಿ 10:41

ಧಾರಾಳವಾಗಿ ಬನ್ನಿ. ನಾಳೆ ಬೇಡ, ಔಷಧಿ ಹೊಡೆಯುವ ದಿನ, ಒಳಗೆ ಬಿಡೋಕಾಗಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೆ ಬಂದರೆ ಕಟಿಂಗ್ ಆಗುತ್ತಿರುತ್ತದೆ. ಕುಡಿಯುವ ನೀರು ಮಾತ್ರ ನೀವೇ ತನ್ನಿ, ನಮ್ಮ ಬೋರಿನದು ಕುಡಿಯೋಕಾಗಲ್ಲ.